ಸೂಜಿಗೂ ನಾಜಲ್‌ಗೂ ಬಿಡದ ನಂಟು

ಪ್ರಶ್ನೆ: ಡೀಸೆಲ್ ಇಂಜಿನ್ನಿನ ಒಂದು ನಾಜಲ್‌ನ ಸೂಜಿಯನ್ನು ಅದೇ ಕಂಪನಿಯ ಇನ್ನೊಂದು ನಾಜಲ್‌ಗೆ ಹಾಕಬಾರದು ಎನ್ನುತ್ತಾರೆ ಮೆಕ್ಯಾನಿಕ್‌ಗಳು. ಏಕೆ?
– ಓದುಗರು, ಪಲ್ಲಡಂ, ತಿರುಪ್ಪೂರು ಜಿಲ್ಲೆ

ಏಕೆಂದರೆ ಸೂಜಿ ಮತ್ತು ಅದರ ನಾಜಲ್ ಜೋಡಿಯಾಗಿಯೇ ಹುಟ್ಟಿದವು. ಪಂಪು ತಳ್ಳಿದ ಡೀಸೆಲ್‌ನ ಒತ್ತಡ, ಸೂಜಿಯನ್ನು ಒತ್ತಿಹಿಡಿದ ಸ್ಪ್ರಿಂಗಿನ ಬಲವನ್ನು ಮೀರಿದಾಗ ಸೂಜಿ ಮೇಲೇಳುತ್ತದೆ. ತುದಿಯ ಸಣ್ಣ ರಂಧ್ರಗಳಿಂದ ಡೀಸೆಲ್ ಮಂಜಿನಂತೆ ಸಿಡಿಯುತ್ತದೆ. ಹಳೆಯ ಪಂಪ್‌ಸೆಟ್ ಇಂಜಿನ್ನುಗಳಲ್ಲೇ ಈ ಒತ್ತಡ ಸುಮಾರು 200 ಬಾರ್, ಇಂದಿನ ಕಾಮನ್ ರೈಲ್ ವಾಹನಗಳಲ್ಲಿ 2,000ದ ಆಸುಪಾಸು. ಅದನ್ನು ತಡೆಯಲು ಸೂಜಿಯ ಸುತ್ತ ರಬ್ಬರ್ ರಿಂಗ್ ಇಲ್ಲ! ತಡೆಯುವುದು ಮಿಲಿಮೀಟರಿನ ಸಾವಿರದಲ್ಲಿ ಎರಡು-ಮೂರು ಭಾಗದಷ್ಟೇ ಇರುವ ಸಂದು. ಅಲ್ಲಿ ನುಸುಳುವ ತುಸು ಡೀಸೆಲ್ಲೇ ಸೂಜಿಗೆ ಎಣ್ಣೆಯ ಕೆಲಸ ಮಾಡಿ ಟ್ಯಾಂಕಿಗೆ ಮರಳುತ್ತದೆ.

ಹಿಂದೆ ಆಸ್ಪತ್ರೆಗಳಲ್ಲಿದ್ದ ಗಾಜಿನ ಸಿರಿಂಜ್ ನೆನಪಿದೆಯೇ? ಕೊಳವೆ, ದಂಡ ಎರಡರ ಮೇಲೂ ಒಂದೇ ನಂಬರ್ ಇರುತ್ತಿತ್ತು. ಇದೂ ಹಾಗೆಯೇ: ಸೂಜಿ, ನಾಜಲ್ ಒಂದಕ್ಕೊಂದೇ ಹೊಂದುತ್ತವೆ. ಬೇರೆ ಸೂಜಿ ಸಡಿಲವಾದರೆ ಒತ್ತಡ ಸೋರಿಹೋಗುತ್ತದೆ, ಬಿಗಿಯಾದರೆ ಸಿಕ್ಕಿಕೊಳ್ಳುತ್ತದೆ. ತುದಿ ಸರಿಯಾಗಿ ಕೂರದಿದ್ದರೆ ಹನಿ ತೊಟ್ಟಿಕ್ಕಿ ಕರಿಹೊಗೆ ಬರುತ್ತದೆ. ಡೀಸೆಲ್ ತಳ್ಳುವ ಇಂಜೆಕ್ಷನ್ ಪಂಪಿನ ಪ್ಲಂಜರ್ (ದಂಡ) ಮತ್ತು ಬ್ಯಾರೆಲ್‌ಗೂ (ಕೊಳವೆ) ಇದೇ ನಿಯಮ.

ಬಿಚ್ಚಿ ತೊಳೆಯುವಾಗ ಪ್ರತಿ ಜೋಡಿಗೂ ಬೇರೆ ಬಟ್ಟಲಿಡಿ, ಶುದ್ಧ ಡೀಸೆಲ್ ಬಳಸಿ. ಸವೆದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ.