ನಿಮಗಿದು ಗೊತ್ತೇ? ಹೊಲದ ಮನೆಗೆ ಎಂಥ ಇನ್ವರ್ಟರ್ ಬೇಕು

ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ಅರಸೀಕೆರೆಯ ಮಾತಲ್ಲ ಇದು, ವಿಜಯನಗರ ಜಿಲ್ಲೆ ಹರಪನಹಳ್ಳಿ ತಾಲೂಕಿನ ಅರಸೀಕೆರೆ. ಇಲ್ಲಿಂದ ಕೊಟ್ಟೂರು, ಕೂಡ್ಲಿಗಿ, ಹಡಗಲಿವರೆಗೂ ಬಿಸಿಲಿಗೇನೂ ಬರವಿಲ್ಲ. ಲೈನ್ ಕಂಬ ಮುಟ್ಟದ ಹೊಲದ ಮನೆಗೆ ಸೋಲಾರ್ ಹಾಕಿಸುವಾಗ ಪ್ಲೇಟು, ಬ್ಯಾಟರಿಗೆ ಹತ್ತು ಕಡೆ ವಿಚಾರಿಸುತ್ತೇವೆ. ಇನ್ವರ್ಟರ್ ಮಾತ್ರ ಅಂಗಡಿಯವರು ಕೊಟ್ಟದ್ದೇ. ಆಮೇಲೆ ತೊಂದರೆ ಕೊಡುವುದೂ ಅದೇ.

ಬರೀ ಮೂರು ಬಲ್ಬು, ಒಂದು ಮೊಬೈಲ್ ಚಾರ್ಜರ್ ಸಾಕೆನ್ನುವವರಿಗೆ ಇನ್ವರ್ಟರೇ ಬೇಡ! ಡಿಸಿ ಬಲ್ಬು ಚಾರ್ಜ್ ಕಂಟ್ರೋಲರ್ ಮೂಲಕ ಬ್ಯಾಟರಿಯಿಂದಲೇ ಉರಿಯುತ್ತದೆ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೊ ಸಂಸ್ಥೆ ಹಳ್ಳಿಮನೆಗಳಿಗೆ ಬೆಳಕು ತಂದದ್ದು ಇಂಥ ಪುಟ್ಟ ಜೋಡಣೆಗಳಿಂದ. ಅದರ ಸಹಸಂಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಡಬ್ಬದ ಮೇಲಿನ 850 ವಿಎ ಎಂದರೆ 850 ವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್ 0.8 ಇದ್ದರೆ ಸಿಗುವುದು 680 ವ್ಯಾಟ್. ವ್ಯಾಟ್ ಎಷ್ಟೆಂದೇ ಕೇಳಿ.

ಫ್ರಿಜ್ ಓಡುವಾಗ 150 ವ್ಯಾಟ್ ಎಳೆದರೂ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆ ಹೊಡೆತ ತಾಳುವ ಅಂಕಿಗೆ ಸರ್ಜ್ ಎನ್ನುತ್ತಾರೆ. ಅದನ್ನು ಓದದೆ ತಂದ ಇನ್ವರ್ಟರ್ ಬಲ್ಬು ಉರಿಸುತ್ತದೆ, ಫ್ರಿಜ್ ಹಾಕಿದೊಡನೆ ಟ್ರಿಪ್ ಆಗುತ್ತದೆ.

ಫ್ಯಾನ್ ಝುಂ ಎನ್ನುತ್ತಿದೆಯೇ? ಅದು ಚೌಕ ಅಲೆಯ ಅಗ್ಗದ ಇನ್ವರ್ಟರಿರಬಹುದು. ಮೋಟಾರು ಬೇಗ ಬಿಸಿಯೇರುತ್ತದೆ. ಮೋಟಾರು ಇರುವ ಮನೆಗೆ ಪ್ಯೂರ್ ಸೈನ್ ವೇವ್ ಬಿಟ್ಟು ಬೇರೆಯದನ್ನು ತರಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾರೂ ಕೇಳದ ಅಂಕಿ ಇನ್ನೊಂದಿದೆ: ಏನೂ ಉರಿಸದಿದ್ದರೂ ಇನ್ವರ್ಟರ್ ತಾನೇ ತಿನ್ನುವ ಕರೆಂಟು. ಲೆಕ್ಕ ಹಾಕಿ ನೋಡಿ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇರುತ್ತದೆ. ಲೆಡ್ ಆಸಿಡ್ ಬ್ಯಾಟರಿ ಬಾಳಬೇಕಾದರೆ ಅರ್ಧ, ಅಂದರೆ 900 ಮಾತ್ರ ಬಳಸಬೇಕು. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ರಾತ್ರಿ 8 ಗಂಟೆ ತಿರುಗಿದರೆ 240. 9 ವ್ಯಾಟಿನ ಮೂರು ಬಲ್ಬು 5 ಗಂಟೆ ಉರಿದರೆ 135. 50 ವ್ಯಾಟಿನ ಟಿವಿ 3 ಗಂಟೆಗೆ 150. ಒಟ್ಟು 525. ಆರಾಮಾಗಿ ಸಾಲುತ್ತದೆ ಎನ್ನುವಷ್ಟರಲ್ಲಿ, 15 ವ್ಯಾಟ್ ತಿನ್ನುವ ಇನ್ವರ್ಟರ್ ದಿನವಿಡೀ ಆನ್ ಇದ್ದು 360 ನುಂಗಿರುತ್ತದೆ. ಉಳಿಯುವುದು ಬರೀ 15! ಹೊಲಕ್ಕೆ ಹೋಗುವಾಗ ಇನ್ವರ್ಟರಿನ ಸ್ವಿಚ್ಚನ್ನೇ ಆಫ್ ಮಾಡಿ. ಪ್ರತ್ಯೇಕ ಚಾರ್ಜ್ ಕಂಟ್ರೋಲರ್ ಇದ್ದರೆ ಪ್ಲೇಟಿನಿಂದ ಬ್ಯಾಟರಿ ತುಂಬುವುದು ನಿಲ್ಲುವುದಿಲ್ಲ.

ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಆದರೆ ಅದು ಗ್ರಿಡ್‌ಗೆ ಜೋಡಿಸುವ ಚಾವಣಿ ಸೋಲಾರಿಗೆ. ಬ್ಯಾಟರಿಯಿಲ್ಲದ ಆ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ನಿನ ಜೀವ ಉಳಿಯಲೆಂದೇ ಅದನ್ನು ಹಾಗೆ ಮಾಡಿರುವುದು. ಲೈನೇ ಇಲ್ಲದ ಕಡೆ ಅದು ಶುರುವೇ ಆಗುವುದಿಲ್ಲ. ಬೇಕಾದದ್ದು ಆಫ್-ಗ್ರಿಡ್ ಇನ್ವರ್ಟರ್.

ನಮ್ಮ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ, ತಗಡಿನ ಶೀಟಿನ ಕೆಳಗೆ ಇನ್ನೂ ಹೆಚ್ಚು. ಇನ್ವರ್ಟರಿನ ಒಳಗಿನ ಕೆಪಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎತ್ತರದ ಅಟ್ಟ ಬೇಡ. ತಣ್ಣನೆಯ ಗೋಡೆಗೆ, ಗಾಳಿಯಾಡುವಂತೆ ತೂಗುಹಾಕಿ. ಬ್ಯಾಟರಿಯ ನೆತ್ತಿಯ ಮೇಲೆ ಮಾತ್ರ ಬೇಡ, ಅದು ತುಂಬುವಾಗ ಜಲಜನಕ ಬಿಡುತ್ತದೆ.

1000 ವ್ಯಾಟ್ ಎಳೆದರೆ 12 ವೋಲ್ಟಿನ ತಂತಿಯಲ್ಲಿ 83 ಆಂಪಿಯರಿಗೂ ಹೆಚ್ಚು ಹರಿಯುತ್ತದೆ. 24 ವೋಲ್ಟ್ ಮಾಡಿದರೆ ಅದರರ್ಧ. ಅದೇ ತಂತಿಯಲ್ಲಿ ಬಿಸಿಯಾಗಿ ಹಾಳಾಗುವ ಕರೆಂಟು ಕಾಲುಭಾಗಕ್ಕಿಳಿಯುತ್ತದೆ. ಮಿಕ್ಸಿ, ಫ್ರಿಜ್ ಎರಡೂ ಬೇಕೆನ್ನುವವರು ಎರಡು ಬ್ಯಾಟರಿಯ 24 ವೋಲ್ಟ್ ಇನ್ವರ್ಟರನ್ನೇ ಕೇಳಲಿ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ತಂತಿ ದಪ್ಪವಿರಲಿ, ಗಿಡ್ಡವಿರಲಿ, ನಡುವೆ ಫ್ಯೂಸ್ ಇರಲಿ.