ಪ್ರಯಾಣಿಕರ ಕಡ್ಡಾಯ ಪರೀಕ್ಷೆ: ಖರ್ಚು ಯಾರ ಖಾತೆಗೆ?

ವಿದೇಶಗಳಿಂದ ಭಾರತಕ್ಕೆ ಬಂದಿಳಿಯುವವರಲ್ಲಿ ನೂರಕ್ಕೆ ಇಬ್ಬರನ್ನು ಆರಿಸಿ ಕೋವಿಡ್ ಪರೀಕ್ಷೆಗೆ ಒಳಪಡಿಸುವ ನಿಯಮವನ್ನು ಕೇಂದ್ರ ಸರ್ಕಾರ 2023ರ ಜುಲೈ 20ರಿಂದ ಕೈಬಿಟ್ಟಿತು. ಅದರೊಂದಿಗೆ ಸುಮಾರು ಮೂರು ವರ್ಷಗಳ ಕಾಲ ವರ್ತಕರನ್ನೂ ರಫ್ತುದಾರರನ್ನೂ ಕಾಡಿದ ಪರೀಕ್ಷಾ ನಿಯಮಗಳ ಕಡತ ಮುಚ್ಚಿದಂತಾಯಿತು. ಆದರೆ ಕಡತ ಕಟ್ಟಿಡುವ ಮುನ್ನ ಜಮಾ ಖರ್ಚು ತಾಳೆ ನೋಡುವುದು ವ್ಯಾಪಾರಸ್ಥರ ಸಂಪ್ರದಾಯ. ಹಾಗೆ ನೋಡಿದಾಗ ಒಂದು ಪ್ರಶ್ನೆ ಇಂದಿಗೂ ಇತ್ಯರ್ಥವಾಗದೆ ಉಳಿದಿರುವುದು ಕಂಡುಬರುತ್ತದೆ. ಸಾರ್ವಜನಿಕ ಹಿತಕ್ಕಾಗಿ ಸರ್ಕಾರಗಳು ಕಡ್ಡಾಯಗೊಳಿಸಿದ ಪರೀಕ್ಷೆಯ ವೆಚ್ಚವನ್ನು ಭರಿಸಬೇಕಾದವರು ಯಾರು, ವಾಸ್ತವವಾಗಿ ಭರಿಸಿದವರು ಯಾರು?

ಮೊದಲೇ ಬರೆದಿಟ್ಟಿದ್ದ ನಿಯಮ

ಈ ಪ್ರಶ್ನೆಗೆ ಉತ್ತರ ಸಾಂಕ್ರಾಮಿಕ ಬರುವುದಕ್ಕಿಂತ ಬಹಳ ಹಿಂದೆಯೇ ಲಿಖಿತ ರೂಪದಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2005ರಲ್ಲಿ ಅಂಗೀಕರಿಸಿ 2007ರ ಜೂನ್‌ನಲ್ಲಿ ಜಾರಿಗೆ ತಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಗೆ ಭಾರತವೂ ಬದ್ಧವಾಗಿದೆ. ಅದರ 40ನೇ ವಿಧಿಯ ಪ್ರಕಾರ, ನೆಲೆಸುವ ಉದ್ದೇಶದಿಂದ ಬರುವವರನ್ನು ಹೊರತುಪಡಿಸಿ ಉಳಿದ ಪ್ರಯಾಣಿಕರ ಆರೋಗ್ಯ ಸ್ಥಿತಿಯನ್ನು ತಿಳಿಯಲು ನಿಯಮಾವಳಿಯಡಿ ನಡೆಸುವ ವೈದ್ಯಕೀಯ ಪರೀಕ್ಷೆಗಾಗಲಿ, ವಿಧಿಸುವ ಪ್ರತ್ಯೇಕವಾಸಕ್ಕಾಗಲಿ ಸರ್ಕಾರಗಳು ಶುಲ್ಕ ಪಡೆಯುವಂತಿಲ್ಲ. ಶುಲ್ಕ ಪಡೆಯಲು ಅವಕಾಶವಿರುವ ಇತರ ಕ್ರಮಗಳಲ್ಲಿಯೂ ಅದು ನೈಜ ವೆಚ್ಚವನ್ನು ಮೀರಬಾರದು, ಪ್ರಯಾಣಿಕನ ರಾಷ್ಟ್ರೀಯತೆಯನ್ನು ನೋಡಿ ಭೇದ ಮಾಡಬಾರದು, ದರಪಟ್ಟಿಯನ್ನು ಕನಿಷ್ಠ 10 ದಿನ ಮುಂಚಿತವಾಗಿ ಪ್ರಕಟಿಸಬೇಕು. ಒಬ್ಬ ಲೆಕ್ಕಪರಿಶೋಧಕನೇ ಕರಡು ಬರೆದಂತಿರುವ ಈ ಷರತ್ತುಗಳಲ್ಲಿ ದೋಷವೇನೂ ಇರಲಿಲ್ಲ. ಆದರೆ ಉಲ್ಲಂಘಿಸಿದ ರಾಷ್ಟ್ರಕ್ಕೆ ದಂಡ ವಿಧಿಸುವ ಏರ್ಪಾಟು ನಿಯಮಾವಳಿಯಲ್ಲಿ ಇರಲಿಲ್ಲ.

ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ 2021ರ ಮೇ ತಿಂಗಳಲ್ಲಿ ಪ್ರಕಟಿಸಿದ 16 ದೇಶಗಳ ಸಮೀಕ್ಷೆಯಲ್ಲಿ ಪ್ರಯಾಣಿಕರ ಪರೀಕ್ಷಾ ವೆಚ್ಚವನ್ನು ಸರ್ಕಾರವೇ ಭರಿಸುತ್ತಿದ್ದುದು ಫ್ರಾನ್ಸ್ ಒಂದೇ. ಉಳಿದ 15 ದೇಶಗಳಲ್ಲಿ ಒಂದು ಪಿಸಿಆರ್ ಪರೀಕ್ಷೆಯ ಸರಾಸರಿ ಕನಿಷ್ಠ ದರ 90 ಡಾಲರ್, ಸರಾಸರಿ ಗರಿಷ್ಠ ದರ 208 ಡಾಲರ್ ಎಂದು ಆ ಸಂಘ ತಿಳಿಸಿತು. ಹೊರಡುವ ಮುನ್ನ ಮಾಡಿಸಿಕೊಂಡ ಪರೀಕ್ಷೆಗೆ ಹಣ ಪಡೆದದ್ದು ಖಾಸಗಿ ಪ್ರಯೋಗಾಲಯವೇ ವಿನಾ ಸರ್ಕಾರವಲ್ಲ ಎಂದು ವಾದಿಸಲು ಅವಕಾಶವಿದೆ. ಆದರೆ ಜೇಬಿನಿಂದ ಹಣ ತೆತ್ತವನಿಗೆ ಈ ವ್ಯತ್ಯಾಸದಿಂದ ಸಿಕ್ಕಿದ ಪ್ರಯೋಜನ ಶೂನ್ಯ.

ಭಾರತದಲ್ಲಿ ನಿಯಮಗಳು ಸಾಗಿ ಬಂದ ದಾರಿ

2020ರ ಮಾರ್ಚ್‌ನಲ್ಲಿ ನಿಂತ ನಿಗದಿತ ಅಂತರರಾಷ್ಟ್ರೀಯ ವಿಮಾನ ಸಂಚಾರ ಪುನರಾರಂಭವಾದದ್ದು 2022ರ ಮಾರ್ಚ್ 27ರಂದು. ನಡುವಿನ ಎರಡು ವರ್ಷ ವಿಶೇಷ ವಿಮಾನಗಳು ಹಾಗೂ ಆಯ್ದ ದೇಶಗಳೊಂದಿಗಿನ ದ್ವಿಪಕ್ಷೀಯ ಏರ್ಪಾಟುಗಳೇ ಆಧಾರವಾಗಿದ್ದವು. 2020ರ ಮೇ ತಿಂಗಳ ಮಾರ್ಗಸೂಚಿಯಂತೆ ಬಂದವರು 7 ದಿನ ಸ್ವಂತ ಖರ್ಚಿನಲ್ಲಿ ನಿಗದಿತ ಸ್ಥಳದಲ್ಲಿಯೂ 7 ದಿನ ಮನೆಯಲ್ಲಿಯೂ ಪ್ರತ್ಯೇಕವಾಗಿರಬೇಕಿತ್ತು. ಅದೇ ಆಗಸ್ಟ್‌ನಿಂದ, ಪ್ರಯಾಣಕ್ಕೆ 96 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿ ತೋರಿಸಿದವರಿಗೆ ನಿಗದಿತ ಸ್ಥಳದ ವಾಸದಿಂದ ವಿನಾಯಿತಿ ದೊರೆಯಿತು. ಮುಂದೆ ಈ ಅವಧಿ 72 ಗಂಟೆಗಳಿಗೆ ಇಳಿಯಿತು. 2021ರ ಫೆಬ್ರವರಿ 22ರಿಂದ ವರದಿಯನ್ನು ಏರ್ ಸುವಿಧಾ ತಾಣಕ್ಕೆ ಸಲ್ಲಿಸುವುದು ಕಡ್ಡಾಯವಾಯಿತಲ್ಲದೆ ಬ್ರಿಟನ್, ಬ್ರೆಜಿಲ್ ಹಾಗೂ ದಕ್ಷಿಣ ಆಫ್ರಿಕಾಗಳಿಂದ ಬಂದವರು ಇಳಿದ ಮೇಲೆ ಸ್ವಂತ ಖರ್ಚಿನಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು.

ಒಮೈಕ್ರಾನ್ ತಳಿ ಪತ್ತೆಯಾದಾಗ ಹೊರಬಿದ್ದ, 2021ರ ಡಿಸೆಂಬರ್ 1ರಿಂದ ಜಾರಿಯಾದ ಮಾರ್ಗಸೂಚಿ ಈ ವಿಷಯದಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ಅಪಾಯದ ಪಟ್ಟಿಯಲ್ಲಿದ್ದ ದೇಶಗಳಿಂದ ಬಂದವರು ನಿಲ್ದಾಣದಲ್ಲಿಯೇ ಹಣ ಕೊಟ್ಟು ಪರೀಕ್ಷೆ ಮಾಡಿಸಿಕೊಂಡು, ಫಲಿತಾಂಶ ಬರುವವರೆಗೆ ಅಲ್ಲಿಯೇ ಕಾದಿರಬೇಕಿತ್ತು. ಉಳಿದ ದೇಶಗಳವರಲ್ಲಿ ನೂರಕ್ಕೆ ಇಬ್ಬರನ್ನು ಆರಿಸಿ ಪರೀಕ್ಷಿಸಲಾಗುತ್ತಿತ್ತು. ಅವರ ವೆಚ್ಚವನ್ನು ನಾಗರಿಕ ವಿಮಾನಯಾನ ಸಚಿವಾಲಯವೇ ಭರಿಸುವುದೆಂದು ಹೇಳಲಾಗಿತ್ತು. ಒಂದೇ ನಿಲ್ದಾಣ, ಒಂದೇ ಬಗೆಯ ಪರೀಕ್ಷೆ. ಆದರೆ ಒಬ್ಬನ ಖರ್ಚು ಸರ್ಕಾರದ ಖಾತೆಗೆ, ಮತ್ತೊಬ್ಬನದು ಸ್ವಂತ ಖಾತೆಗೆ. ಸರ್ಕಾರ ಭರಿಸುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಬ್ರಿಟನ್ನಿನ ಪ್ರಕರಣ

ನಿಯಮಗಳ ಬಗ್ಗೆ ಭಾರತೀಯರಲ್ಲಿ ಬಹುವಾಗಿ ಅಸಮಾಧಾನ ಮೂಡಿಸಿದ್ದು 2021ರ ಸೆಪ್ಟೆಂಬರ್ 17ರಂದು ಬ್ರಿಟನ್ ಪ್ರಕಟಿಸಿದ ಆದೇಶ. ಅಕ್ಟೋಬರ್ 4ರಿಂದ ಜಾರಿಗೆ ಬರಲಿದ್ದ ಆ ನಿಯಮದಡಿ, ಭಾರತದಲ್ಲಿ ಎರಡು ಡೋಸ್ ಕೋವಿಶೀಲ್ಡ್ ಪಡೆದವರನ್ನೂ ಲಸಿಕೆ ಪಡೆಯದವರಂತೆಯೇ ಪರಿಗಣಿಸಲಾಯಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುತ್ತಿದ್ದ ಈ ಲಸಿಕೆ ಬ್ರಿಟನ್ನಿನಲ್ಲಿಯೇ ರೂಪುಗೊಂಡ ಆಸ್ಟ್ರಾಜೆನೆಕಾ ಲಸಿಕೆಯೇ ಆಗಿತ್ತು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರು ನ್ಯೂಯಾರ್ಕಿನಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವೆಯ ಮುಂದೆ ಈ ವಿಷಯವನ್ನು ಪ್ರಸ್ತಾಪಿಸಿದರು. ಬ್ರಿಟನ್ ಲಸಿಕೆಯ ಹೆಸರನ್ನು ಪಟ್ಟಿಗೆ ಸೇರಿಸಿತಾದರೂ ಭಾರತದ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ಆಗ ಭಾರತವೂ ಅಕ್ಟೋಬರ್ 4ರಿಂದ ಬ್ರಿಟಿಷ್ ಪ್ರಜೆಗಳಿಗೆ ಹೊರಡುವ ಮುನ್ನ, ಇಳಿದ ಕೂಡಲೇ ಹಾಗೂ ಎಂಟನೆಯ ದಿನ ಪರೀಕ್ಷೆಯನ್ನೂ 10 ದಿನಗಳ ಪ್ರತ್ಯೇಕವಾಸವನ್ನೂ ವಿಧಿಸಿತು. ಒಂದೇ ವಾರದಲ್ಲಿ ಬ್ರಿಟನ್ ಮಣಿಯಿತು. ಅಕ್ಟೋಬರ್ 11ರಿಂದ ಕೋವಿಶೀಲ್ಡ್ ಪಡೆದ ಭಾರತೀಯರಿಗೆ ವಿನಾಯಿತಿ ದೊರೆಯಿತು. 13ರಂದು ಭಾರತವೂ ತನ್ನ ನಿರ್ಬಂಧವನ್ನು ಹಿಂತೆಗೆದುಕೊಂಡಿತು.

ಇದನ್ನು ಒಬ್ಬ ಸಣ್ಣ ಉದ್ಯಮಿಯ ದೃಷ್ಟಿಯಿಂದ ನೋಡಬಹುದು. ಪೀಣ್ಯದ ಒಂದು ಬಿಡಿಭಾಗ ತಯಾರಿಕಾ ಘಟಕದ ಮಾಲೀಕ ಹಾಗೂ ಆತನ ಎಂಜಿನಿಯರ್ ಐದು ದಿನಗಳ ಮಟ್ಟಿಗೆ ಇಂಗ್ಲೆಂಡಿನ ಗಿರಾಕಿಯನ್ನು ಕಾಣಲು ಆ ವಾರದಲ್ಲಿ ಹೊರಡಲಿದ್ದರೆಂದು ಭಾವಿಸೋಣ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ಎರಡು ಪರೀಕ್ಷೆಗಳ ದರ 2021ರ ಆಗಸ್ಟ್‌ನಲ್ಲಿ 170 ಪೌಂಡ್‌ಗಳಿಂದ 136 ಪೌಂಡ್‌ಗಳಿಗೆ ಇಳಿದಿತ್ತು. ಇಬ್ಬರಿಗೆ 272 ಪೌಂಡ್. ಪೌಂಡಿಗೆ ನೂರು ರೂಪಾಯಿಯಂತೆ ಹಿಡಿದರೂ 27,200 ರೂಪಾಯಿ. ಆದರೆ ನಿಜವಾದ ನಷ್ಟ ಈ ಅಂಕಿಯಲ್ಲಿಲ್ಲ. ಐದು ದಿನಗಳ ಕೆಲಸಕ್ಕೆ 10 ದಿನಗಳ ಪ್ರತ್ಯೇಕವಾಸ ಸೇರಿದರೆ ಪ್ರವಾಸವೇ ರದ್ದಾಗುತ್ತದೆ. ದೊಡ್ಡ ಸಂಸ್ಥೆಗೆ ಲಂಡನ್ನಿನಲ್ಲಿ ಪ್ರತಿನಿಧಿ ಇರುತ್ತಾನೆ. ಸಣ್ಣ ಘಟಕಕ್ಕೆ ಮಾಲೀಕನೇ ಪ್ರತಿನಿಧಿ. ನಿಯಮ ಇಬ್ಬರಿಗೂ ಒಂದೇ ಆಗಿದ್ದರೂ ಅದರ ಭಾರ ಇಬ್ಬರ ಮೇಲೂ ಒಂದೇ ಸಮನಾಗಿ ಬೀಳಲಿಲ್ಲ.

ಬ್ರಿಟನ್ನಿನ ಪ್ರಜೆಗಳೂ ಖಾಸಗಿ ಪ್ರಯೋಗಾಲಯಗಳ ದರದ ಬಗ್ಗೆ ದೊಡ್ಡ ದನಿಯಲ್ಲಿ ದೂರಿದರು. ಜಾಹೀರಾತಿನಲ್ಲಿ ಕಡಿಮೆ ದರ ತೋರಿಸಿ ವಾಸ್ತವವಾಗಿ ಹೆಚ್ಚು ಪಡೆಯುತ್ತಿದ್ದವರ ಮೇಲೆ ಸರ್ಕಾರ ಎಚ್ಚರಿಕೆಯ ಕ್ರಮ ಕೈಗೊಂಡಿತು. ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಮಾರುಕಟ್ಟೆಯ ಪರಿಶೀಲನೆ ನಡೆಸಿತು. ಕಡ್ಡಾಯದ ಗಿರಾಕಿ ಸಿಕ್ಕಲ್ಲಿ ದರಕ್ಕೆ ಕಡಿವಾಣ ತಾನಾಗಿ ಬೀಳದು ಎಂಬುದು ವ್ಯಾಪಾರ ಬಲ್ಲವರಿಗೆ ಹೊಸ ಪಾಠವೇನಲ್ಲ.

ಕೊಲ್ಲಿಯ ಹಾದಿ

ಕರ್ನಾಟಕದ ಕರಾವಳಿಗೆ ಲಂಡನ್ನಿಗಿಂತ ದುಬೈ ಹತ್ತಿರ. ಸಂಯುಕ್ತ ಅರಬ್ ಸಂಸ್ಥಾನ 2021ರ ಆಗಸ್ಟ್ 5ರಿಂದ ಭಾರತೀಯರಿಗೆ ಮತ್ತೆ ಪ್ರವೇಶ ನೀಡಿತಾದರೂ, 48 ಗಂಟೆಗಳೊಳಗಿನ ವರದಿಯ ಜೊತೆಗೆ ವಿಮಾನ ಹೊರಡುವ ಕೆಲವೇ ಗಂಟೆಗಳ ಮುನ್ನ ನಿಲ್ದಾಣದಲ್ಲಿಯೇ ತ್ವರಿತ ಪಿಸಿಆರ್ ಪರೀಕ್ಷೆ ಆಗಬೇಕೆಂದು ಷರತ್ತು ಹಾಕಿತು. ಮಂಗಳೂರು ನಿಲ್ದಾಣದಲ್ಲಿ ಆ ಸೌಲಭ್ಯ ಮೊದಲ ದಿನದಿಂದಲೇ ಇರಲಿಲ್ಲ. ಅದು ಆರಂಭವಾಗುವವರೆಗೆ ದಕ್ಷಿಣ ಕನ್ನಡ, ಉಡುಪಿಗಳ ಜನ ಬೇರೆ ಊರುಗಳ ನಿಲ್ದಾಣಗಳನ್ನು ಅವಲಂಬಿಸಬೇಕಾಯಿತು. ಸಾಮಾನ್ಯ ಪರೀಕ್ಷೆ ಕೆಲವು ನೂರು ರೂಪಾಯಿಗಳಿಗೆ ಆಗುತ್ತಿದ್ದರೆ ತ್ವರಿತ ಪರೀಕ್ಷೆಗೆ ಸಾವಿರಾರು ರೂಪಾಯಿ ತೆರಬೇಕಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳ ಕುಟುಂಬಕ್ಕೆ ಇದು ಅಲ್ಪ ಮೊತ್ತವಲ್ಲ. ಈ ಷರತ್ತು ಸಡಿಲವಾಗಲು 2022ರ ಫೆಬ್ರವರಿ ಬರಬೇಕಾಯಿತು.

ನೆರೆಯ ಕೇರಳದ ಅನುಭವ ಇಲ್ಲಿ ಸ್ಮರಣೀಯ. 2021ರ ಫೆಬ್ರವರಿಯಲ್ಲಿ ಎರಡೆರಡು ಪರೀಕ್ಷೆಗಳ ವೆಚ್ಚದ ವಿರುದ್ಧ ಅನಿವಾಸಿಗಳಿಂದ ಪ್ರತಿಭಟನೆ ಬಂದಾಗ, ಅಲ್ಲಿನ ರಾಜ್ಯ ಸರ್ಕಾರ ನಿಲ್ದಾಣದ ಪರೀಕ್ಷೆಯನ್ನು ಕೆಲವೇ ದಿನಗಳಲ್ಲಿ ಉಚಿತಗೊಳಿಸಿತು. ಸಂಘಟಿತ ದನಿಗೆ ಫಲವಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಜನಾಭಿಪ್ರಾಯದ ಎರಡು ಮುಖ

ಪ್ರಯಾಣಿಕರ ದೂರು ಒಂದು ಕಡೆಯಾದರೆ, ಊರಿನಲ್ಲಿದ್ದವರ ಭಯ ಮತ್ತೊಂದು ಕಡೆ. 2020ರ ಮಾರ್ಚ್‌ನಲ್ಲಿ ಕರ್ನಾಟಕಕ್ಕೆ ಬಂದವರ ಕೈಗೆ ಮುದ್ರೆ ಒತ್ತಲಾಯಿತು, ಮನೆಬಾಗಿಲಿಗೆ ಸೂಚನಾಪತ್ರ ಅಂಟಿಸಲಾಯಿತು. ನಿಯಮ ಇನ್ನೂ ಬಿಗಿಯಾಗಲಿ ಎಂದವರ ಸಂಖ್ಯೆ ಕಡಿಮೆಯಿರಲಿಲ್ಲ. ಅವರ ಆತಂಕ ಅಕಾರಣವೂ ಆಗಿರಲಿಲ್ಲ.

ಆದರೆ ಪರೀಕ್ಷೆಯ ಶಕ್ತಿ ಮತ್ತು ಮಿತಿ ಎರಡೂ ಬೆಂಗಳೂರಿನಲ್ಲಿಯೇ ಪ್ರಕಟವಾದವು. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿ ದೃಢಪಟ್ಟವೆಂದು ಕೇಂದ್ರ ಸರ್ಕಾರ ತಿಳಿಸಿತು. ಒಬ್ಬರು ದಕ್ಷಿಣ ಆಫ್ರಿಕಾದಿಂದ ನೆಗೆಟಿವ್ ವರದಿಯೊಂದಿಗೇ ಬಂದಿದ್ದ ಪ್ರಯಾಣಿಕ. ಇಳಿದ ಮೇಲಿನ ಪರೀಕ್ಷೆಯಲ್ಲಿ ಸೋಂಕು ಪತ್ತೆಯಾಗಿತ್ತು. ಮತ್ತೊಬ್ಬರು ವಿದೇಶ ಪ್ರವಾಸವನ್ನೇ ಮಾಡಿರದ ಬೆಂಗಳೂರಿನ ವೈದ್ಯ. ಹೊರಡುವ ಮುನ್ನದ ವರದಿ ಸೋಂಕನ್ನು ತಡೆಯಲಿಲ್ಲ, ನಿಲ್ದಾಣದ ಪರೀಕ್ಷೆ ಅದನ್ನು ಹಿಡಿಯಿತು. ಆದರೆ ಅಷ್ಟರಲ್ಲಿ ತಳಿ ಊರೊಳಗೆ ಬಂದಾಗಿತ್ತು. ಗಡಿಯ ಪರೀಕ್ಷೆ ಹೊಸ ತಳಿಯನ್ನು ಗುರುತಿಸಲು ನೆರವಾಗುತ್ತದೆ, ಸಿದ್ಧತೆಗೆ ಸ್ವಲ್ಪ ಕಾಲಾವಕಾಶ ನೀಡಬಹುದು. ಅದು ಕೋಟೆಯ ಗೋಡೆಯಾಗಲಾರದು. ಪ್ರಯೋಜನ ಇಡೀ ಸಮಾಜಕ್ಕೆ ಸಲ್ಲುವಾಗ ಬಿಲ್ಲು ಮಾತ್ರ ಒಬ್ಬ ಪ್ರಯಾಣಿಕನ ಹೆಸರಿಗೆ ಏಕೆ ಎಂಬ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ.

ವರ್ಷಾನಂತರ ಇದೇ ಚರ್ಚೆ ಮರುಕಳಿಸಿತು. ಚೀನಾ ತನ್ನ ನಿರ್ಬಂಧಗಳನ್ನು ಸಡಿಲಿಸಿದಾಗ ಭಾರತ 2023ರ ಜನವರಿ 1ರಿಂದ ಚೀನಾ, ಹಾಂಗ್‌ಕಾಂಗ್, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ ಹಾಗೂ ಥಾಯ್ಲೆಂಡ್‌ಗಳಿಂದ ಬರುವವರಿಗೆ ಮುಂಗಡ ವರದಿಯನ್ನು ಕಡ್ಡಾಯಗೊಳಿಸಿತು. ಫೆಬ್ರವರಿ 13ರಿಂದ ಕೈಬಿಟ್ಟಿತು. ಅದೇ ಜನವರಿಯಲ್ಲಿ ದಕ್ಷಿಣ ಕೊರಿಯಾ ಹಾಗೂ ಜಪಾನ್‌ಗಳ ಕ್ರಮಗಳಿಗೆ ಪ್ರತಿಯಾಗಿ ಚೀನಾ ಆ ದೇಶಗಳವರಿಗೆ ಅಲ್ಪಾವಧಿ ವೀಸಾ ನೀಡಿಕೆಯನ್ನು ತಡೆಹಿಡಿಯಿತು. ರೋಗದ ನಿಯಮ ರಾಜತಾಂತ್ರಿಕ ಪ್ರತೀಕಾರವಾಗಿ ತಿರುಗಿದಾಗ ನಡುವೆ ಸಿಲುಕಿ ನಲುಗುವವರಲ್ಲಿ ವ್ಯಾಪಾರಸ್ಥರು ಮೊದಲಿಗರು.

ಲೆಕ್ಕಪುಸ್ತಕದಲ್ಲಿ

ವ್ಯಾಪಾರದ ಉದ್ದೇಶದ ಪ್ರವಾಸಕ್ಕಾಗಿ ಮಾಡಿಸಿದ ಪರೀಕ್ಷೆಯ ವೆಚ್ಚವನ್ನು ಆ ವರ್ಷಗಳಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಕಲಮಿನಡಿ ವ್ಯಾಪಾರ ವೆಚ್ಚವಾಗಿ ತೋರಿಸಲು ಅವಕಾಶವಿತ್ತು. ಆದರೆ ಅದಕ್ಕೆ ರಸೀದಿಯೂ ಪ್ರವಾಸದ ಉದ್ದೇಶ ತೋರಿಸುವ ದಾಖಲೆಯೂ ಬೇಕು. ನಿಲ್ದಾಣದ ಗಡಿಬಿಡಿಯಲ್ಲಿ ಕೈಸೇರಿದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳದಿದ್ದಲ್ಲಿ ಆ ಖರ್ಚನ್ನು ಸಮರ್ಥಿಸುವುದು ಕಷ್ಟ. ರೋಗಪತ್ತೆ ಸೇವೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಪಡೆದಿದ್ದ ಕಾರಣ ಹೂಡುವಳಿ ತೆರಿಗೆ ಜಮೆಯ ಪ್ರಶ್ನೆ ಏಳಲಿಲ್ಲ. ರದ್ದಾದ ಟಿಕೆಟ್, ಕೈತಪ್ಪಿದ ಆರ್ಡರ್, ಕಾರ್ಖಾನೆಯಲ್ಲಿ ಮಾಲೀಕನ ಗೈರುಹಾಜರಿ ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ವೋಚರ್ ಇರುತ್ತದೆ.

ಮುಂದಿನ ಬಾರಿಗೆ

ಇದು ಮುಗಿದ ಅಧ್ಯಾಯವೆಂದು ಭಾವಿಸುವಂತಿಲ್ಲ. ಆರೋಗ್ಯ ನಿಯಮಾವಳಿಗೆ 2024ರ ಜೂನ್ 1ರಂದು ಅಂಗೀಕೃತವಾದ ತಿದ್ದುಪಡಿಗಳು 2025ರ ಸೆಪ್ಟೆಂಬರ್ 19ರಿಂದ ಜಾರಿಗೆ ಬಂದಿದ್ದು, ಸಾಂಕ್ರಾಮಿಕ ತುರ್ತುಸ್ಥಿತಿ ಎಂಬ ಹೊಸ ವರ್ಗವೊಂದು ಅವುಗಳಲ್ಲಿ ಸೇರಿದೆ. ಮುಂದೆ ಅಂತಹ ಸ್ಥಿತಿ ಬಂದಾಗ ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾದ ಬೇಡಿಕೆಗಳು ಹಿಂದಿನ ಅನುಭವದಿಂದಲೇ ಸ್ಪಷ್ಟವಾಗಿವೆ. ಮೊದಲನೆಯದಾಗಿ, ಇಳಿದ ಮೇಲಿನ ಕಡ್ಡಾಯ ಪರೀಕ್ಷೆಯ ವೆಚ್ಚ ಸರ್ಕಾರದ್ದಾಗಲಿ. ಅದಾಗದಿದ್ದಲ್ಲಿ ನೈಜ ವೆಚ್ಚಕ್ಕೆ ಮಿತಿಗೊಂಡ ದರ ನಿಗದಿಯಾಗಲಿ. ಎರಡನೆಯದಾಗಿ, ನಿಯಮ ಬದಲಾದಾಗ ಈಗಾಗಲೇ ಹೊರಟವರಿಗೆ ಹಳೆಯ ನಿಯಮವೇ ಅನ್ವಯಿಸಲಿ. ಮೂರನೆಯದಾಗಿ, ಪರಸ್ಪರರ ಪ್ರಮಾಣಪತ್ರಗಳ ಮಾನ್ಯತೆಯನ್ನು ವ್ಯಾಪಾರ ಒಪ್ಪಂದಗಳ ಮಾತುಕತೆಯ ಹಂತದಲ್ಲಿಯೇ ಇತ್ಯರ್ಥಪಡಿಸಲಿ. ನಾಲ್ಕನೆಯದಾಗಿ, ಮಂಗಳೂರಿನಂತಹ ನಿಲ್ದಾಣಗಳಿಗೂ ಪರೀಕ್ಷಾ ಸೌಲಭ್ಯ ಮೊದಲ ದಿನದಿಂದಲೇ ದೊರೆಯಲಿ.

ಇವು ಯಾವುವೂ ರೋಗನಿಯಂತ್ರಣಕ್ಕೆ ವಿರುದ್ಧವಾದ ಬೇಡಿಕೆಗಳಲ್ಲ. ಸಮಾಜದ ರಕ್ಷಣೆಗಾಗಿ ಮಾಡುವ ಖರ್ಚನ್ನು ಸಮಾಜದ ಖಾತೆಗೇ ಬರೆಯಬೇಕೆಂಬ ಸರಳ ಲೆಕ್ಕವಷ್ಟೆ. 40ನೇ ವಿಧಿ ಹೇಳುವುದೂ ಅದನ್ನೇ. ಆ ವಿಧಿಯನ್ನು ಸರ್ಕಾರಕ್ಕೆ ನೆನಪಿಸಲು ಮುಂದಿನ ರೋಗ ಬರುವವರೆಗೆ ಕಾಯಬೇಕಾಗಿಲ್ಲ.