ನಳಿಕೆಯ ಹಾಲು ಮತ್ತು ಮನೆಯವರ ಪಾಲು



ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಶ್ವಾಸಕೋಶ ಪೂರ್ತಿ ಬಲಿತಿರುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಸಾಮಾನ್ಯವಾಗಿ ಗರ್ಭದ 34 ವಾರಗಳ ಹೊತ್ತಿಗೆ ಬರುತ್ತದೆ. ಅದಕ್ಕೆ ಮೊದಲು ಬಾಯಿಗೆ ಹಾಕಿದ ಹಾಲು ಶ್ವಾಸನಾಳಕ್ಕೆ ಇಳಿಯಬಹುದು. ಆದ್ದರಿಂದ ಆಸ್ಪತ್ರೆಯಲ್ಲಿ ಸಣ್ಣ ನಳಿಕೆಯಿಂದ ಹೊಟ್ಟೆಗೆ ಹಾಲು ಕೊಡುತ್ತಾರೆ. ನಳಿಕೆ ಕಂಡು ತಾಯಿ ಎದೆಗುಂದಬೇಕಿಲ್ಲ. ಅವರು ಹಿಂಡಿ ಕೊಡುವ ಎದೆಹಾಲೇ ಮಗುವಿಗೆ ಆಹಾರ, ಅದೇ ರಕ್ಷಣೆ. ವೈದ್ಯರು ಒಪ್ಪಿದ ಮೇಲೆ ಮಗುವನ್ನು ಎದೆಗಪ್ಪಿಕೊಳ್ಳುವ ಕಾಂಗರೂ ಆರೈಕೆಯಿಂದ ಉಸಿರಾಟಕ್ಕೂ ನೆರವಾಗುತ್ತದೆ.

ಹಿರಿಯರಲ್ಲಿ ಒಂದು ಮನವಿ: ವರ್ಷ ತುಂಬುವವರೆಗೆ ಜೇನು ಬೇಡ. ತಹ್ನೀಕ್‌ನ ಖರ್ಜೂರವನ್ನೂ ವೈದ್ಯರನ್ನು ಕೇಳದೆ ಇಂಥ ಮಗುವಿನ ಬಾಯಿಗೆ ಇಡಬೇಡಿ.

ಚಾಮರಾಜಪುರಂನವರಿಗೆ ಚೆಲುವಾಂಬ ಆಸ್ಪತ್ರೆ ಹತ್ತಿರ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಶಿಶುವಿನ ಚಿಕಿತ್ಸೆ, ಔಷಧಿ ಉಚಿತ. ಆದರೆ ತಂದೆಯ ದಿನಗೂಲಿ ನಿಲ್ಲುತ್ತದೆ. ಮನೆ ನೋಡಿಕೊಳ್ಳಲು ದೊಡ್ಡ ಮಗಳು ಶಾಲೆ ತಪ್ಪಿಸುತ್ತಾಳೆ. ಪೋಷಕರು ಇದನ್ನು ಮುಚ್ಚಿಡದೆ ಶಾಲೆಗೂ ಟ್ರಸ್ಟಿಗೂ ತಿಳಿಸಬೇಕು. ಆ ಕೆಲವು ವಾರ ಊಟಕ್ಕೂ ಆಟೋ ಖರ್ಚಿಗೂ ದಾನಿಗಳ ನೆರವು ಸಿಕ್ಕರೆ ಕೂಸಿನ ಜೊತೆಗೆ ಅಕ್ಕನ ಓದೂ ಉಳಿಯುತ್ತದೆ.